ಬೆಟ್ಟದ ಸೈಕಲ್ ಪಂದ್ಯ: ಗೆಳೆಯರ ಜೊತೆ ಹೊರಡುವ ಮುನ್ನ ಒಂದಿಷ್ಟು ಇತಿಹಾಸ



ಬೇಸಿಗೆ ರಜೆ ಹತ್ತಿರವಾದಂತೆ ನಿಮ್ಮಲ್ಲಿ ಕೆಲವರು ಗುಂಪು ಕಟ್ಟಿಕೊಂಡು ಮೌಂಟನ್ ಬೈಕ್ ಪಂದ್ಯಕ್ಕೆ ಹೊರಡುತ್ತೀರಿ. ಯಾರದೋ ಅಪ್ಪನ ದೊಡ್ಡ ವ್ಯಾನು, ಅದರ ಹಿಂದೆ ನಾಲ್ಕು ಸೈಕಲ್ಲು, ಒಂದು ಇಡೀ ದಿನದ ಡ್ರೈವು, ಡಬ್ಬಿಯಲ್ಲಿ ಮನೆಯಿಂದ ಕಟ್ಟಿಸಿಕೊಂಡ ಪುಳಿಯೋಗರೆ. ಊರಿನಲ್ಲಿರುವ ಅಜ್ಜಿಗೆ ಫೋನಿನಲ್ಲಿ "ಬೈಕ್ ರೇಸ್" ಅಂದರೆ ಮೋಟಾರ್ ಸೈಕಲ್ ಎಂದುಕೊಂಡು ಗಾಬರಿಯಾಗುತ್ತಾರೆ. ಅದಕ್ಕೇ ನಾನು ಇಲ್ಲಿ ಸೈಕಲ್ ಎಂದೇ ಹೇಳುತ್ತೇನೆ.

ಹೊರಡುವ ಮೊದಲು ನೀವು ಎಲ್ಲ ಲೆಕ್ಕ ಹಾಕಿರುತ್ತೀರಿ: ಟೈರು, ಟ್ಯೂಬು, ಪಂಪು, ಮೋಟೆಲ್ ಬಾಡಿಗೆ. ಒಂದು ಲೆಕ್ಕ ಮಾತ್ರ ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ. ನೂರು ಮೈಲಿಯ ದಾರಿಯಲ್ಲಿ ಮೂವತ್ತನೇ ಮೈಲಿಗೆ ನಿಮ್ಮ ಗೆಳೆಯನೊಬ್ಬ ಸುಸ್ತಾಗಿ ನಿಂತುಬಿಟ್ಟರೆ ನೀವೇನು ಮಾಡುತ್ತೀರಿ? ನಿಲ್ಲುತ್ತೀರಾ, ಮುಂದೆ ಹೋಗುತ್ತೀರಾ? ನಿಂತರೆ ಆರು ತಿಂಗಳ ಅಭ್ಯಾಸ ಹೋಯಿತು. ಹೋದರೆ ವಾಪಸ್ ಬರುವಾಗ ವ್ಯಾನಿನಲ್ಲಿ ಯಾರೂ ಯಾರ ಜೊತೆಯೂ ಮಾತಾಡುವುದಿಲ್ಲ.

ಈ ಪ್ರಶ್ನೆ ನಿಮ್ಮದು ಮಾತ್ರವಲ್ಲ. ಈ ಆಟ ಹುಟ್ಟಿ ಸುಮಾರು ಐವತ್ತು ವರ್ಷ ಆಯಿತು, ಅಂದಿನಿಂದಲೂ ಈ ಪ್ರಶ್ನೆ ಅದರ ಜೊತೆಗೇ ಇದೆ. ಒಂದೊಂದು ಪಂದ್ಯವೂ ಅದಕ್ಕೆ ಒಂದೊಂದು ಉತ್ತರವನ್ನು ತನ್ನ ನಿಯಮದಲ್ಲೇ ಬರೆದಿಟ್ಟಿದೆ. ಇವತ್ತು ಆ ಉತ್ತರಗಳ ಕತೆಯನ್ನು ಹೇಳುತ್ತೇನೆ.

ಕತೆ ಶುರುವಾಗುವ ಜಾಗಗಳಲ್ಲಿ ಒಂದು ನಿಮ್ಮಲ್ಲಿ ಹಲವರಿಗೆ ಚೆನ್ನಾಗಿ ಗೊತ್ತು. ಅದು ಕ್ಯಾಲಿಫೋರ್ನಿಯಾದ ಕ್ಯುಪರ್ಟಿನೋ. ಇವತ್ತು ಅಲ್ಲಿ ಬೀದಿಗೆ ಒಂದಾದರೂ ಕನ್ನಡದ ಮನೆ ಸಿಕ್ಕೀತು. 1970ರ ದಶಕದಲ್ಲಿ ಅಲ್ಲಿನ ಕೆಲವು ಹುಡುಗರು ಮಾರೋ ಡರ್ಟ್ ಕ್ಲಬ್ ಎಂಬ ಗುಂಪು ಕಟ್ಟಿಕೊಂಡಿದ್ದರು. ದಪ್ಪ ಟೈರಿನ ಹಳೇ ಸೈಕಲ್ಲುಗಳನ್ನು ಹುಡುಕಿ ತಂದು, ಅವಕ್ಕೆ ಗೇರು ಜೋಡಿಸಿ, ಹತ್ತಿರದ ಬೆಟ್ಟಗಳಿಗೆ ಹತ್ತುತ್ತಿದ್ದರು. ಇಂಥ ಸೈಕಲ್ಲುಗಳು ಇಳಿಯುವುದಕ್ಕೆ ಸರಿ, ಹತ್ತುವುದಕ್ಕೆ ಆಗದು ಎಂಬುದು ಆಗಿನ ನಂಬಿಕೆ. 1974ರ ಡಿಸೆಂಬರಿನಲ್ಲಿ ಅವರು ಗೋಲ್ಡನ್ ಗೇಟ್ ಸೇತುವೆಯ ಆಚೆಗಿರುವ ಮಿಲ್ ವ್ಯಾಲಿಯಲ್ಲಿ ನಡೆದ ಒಂದು ಪಂದ್ಯಕ್ಕೆ ಒಟ್ಟಿಗೆ ಹೋದರು. ಅಲ್ಲಿನ ಮರಿನ್ ಕೌಂಟಿಯ ಯುವಕರು ಆ ಗೇರುಗಳನ್ನು ಕಣ್ಣರಳಿಸಿ ನೋಡಿದರು. ಜೋ ಬ್ರೀಜ್, ಗ್ಯಾರಿ ಫಿಶರ್, ಚಾರ್ಲಿ ಕೆಲ್ಲಿ ಆ ಯುವಕರ ಗುಂಪಿನವರೇ.

ಈ ಮೂವರ ಹೆಸರು ಮುಂದೆ ಇಡೀ ಆಟದ ಇತಿಹಾಸದಲ್ಲಿ ಉಳಿಯಿತು. ಆದರೆ ಆಗ ಅವರು ಬಿಡುವಿನ ವೇಳೆಯಲ್ಲಿ ಹಳೇ ಶ್ವಿನ್ ಸೈಕಲ್ಲುಗಳನ್ನು ಬೆಟ್ಟದಿಂದ ಕೆಳಗೆ ಓಡಿಸುತ್ತಿದ್ದ ಹುಡುಗರು, ಅಷ್ಟೇ. ಯಾರು ಹೆಚ್ಚು ವೇಗ ಎಂಬ ವಾದ ಮುಗಿಯುತ್ತಲೇ ಇರಲಿಲ್ಲ. ವಾದ ತೀರಿಸಲು 1976ರ ಅಕ್ಟೋಬರ್ 21ರಂದು ಫೇರ್‌ಫ್ಯಾಕ್ಸ್ ಊರಿನ ಹತ್ತಿರದ ಒಂದು ಮಣ್ಣುದಾರಿಯಲ್ಲಿ ಗಡಿಯಾರ ಹಿಡಿದು ಪಂದ್ಯ ನಡೆಸಿದರು. ಸುಮಾರು ಎರಡು ಮೈಲಿ ದಾರಿ, 1,300 ಅಡಿ ಇಳಿಜಾರು. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವಂಥ ಬ್ರೇಕು. ಕೆಳಗೆ ಬರುವಷ್ಟರಲ್ಲಿ ಹಿಂದಿನ ಹಬ್ ಕಾದು, ಒಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಸಲವೂ ಹೊಸ ಗ್ರೀಸು ತುಂಬಬೇಕು. ಹಾಗಾಗಿ ಆ ದಾರಿಗೆ ರೀಪ್ಯಾಕ್ ಎಂದೇ ಹೆಸರಾಯಿತು.

ಈ ಪಂದ್ಯದಲ್ಲಿ ಒಬ್ಬರ ಹಿಂದೆ ಒಬ್ಬರನ್ನು ಎರಡೆರಡು ನಿಮಿಷದ ಅಂತರದಲ್ಲಿ ಬಿಡುತ್ತಿದ್ದರು. ಬೆಟ್ಟದ ಮೇಲಕ್ಕೆ ಎಲ್ಲರೂ ಗೆಳೆಯರಾಗಿ ಹೋಗುತ್ತಿದ್ದರು, ಇಳಿಯುವಾಗ ಪ್ರತಿಯೊಬ್ಬನೂ ಒಂಟಿ, ಕೆಳಗೆ ತಲುಪಿದ ಮೇಲೆ ಮತ್ತೆ ಗೆಳೆಯರು. ನಮ್ಮ ಪ್ರಶ್ನೆಗೆ ರೀಪ್ಯಾಕ್ ಕೊಟ್ಟ ಉತ್ತರ ಅದು. ದಾರಿ ಐದು ನಿಮಿಷದ್ದಾದ್ದರಿಂದ ಆ ಉತ್ತರ ಸಾಕಾಗಿತ್ತು. ಐದು ನಿಮಿಷದಲ್ಲಿ ಯಾರೂ ಯಾರನ್ನೂ ಕೈಬಿಟ್ಟ ಹಾಗಾಗುವುದಿಲ್ಲ.

ದೂರದ ದಾರಿಯ ಮಾತು ಬೇರೆ. ಅದಕ್ಕೆ ನಾವು ಕೊಲರಾಡೋ ರಾಜ್ಯಕ್ಕೆ ಹೋಗಬೇಕು. ಅಲ್ಲಿನ ಕ್ರೆಸ್ಟೆಡ್ ಬ್ಯೂಟ್ ಕಲ್ಲಿದ್ದಲ ಗಣಿಯ ಊರು. ದೊಡ್ಡ ಗಣಿ 1952ರಲ್ಲೇ ಮುಚ್ಚಿತ್ತು. ಒಮ್ಮೆ ಬೆಟ್ಟದ ಆಚೆಗಿರುವ ಶ್ರೀಮಂತ ಊರಾದ ಆಸ್ಪೆನ್‌ನಿಂದ ಕೆಲವರು ಮೋಟಾರ್ ಸೈಕಲ್ಲುಗಳಲ್ಲಿ ಪರ್ಲ್ ಪಾಸ್ ಎಂಬ ಘಾಟಿಯನ್ನು ದಾಟಿಕೊಂಡು ಬಂದು ಜಂಬ ಕೊಚ್ಚಿದರಂತೆ. ಇಲ್ಲಿಯವರು ತಮ್ಮ ಡಕೋಟಾ ಸೈಕಲ್ಲುಗಳಲ್ಲೇ ಅದೇ ಘಾಟಿ ದಾಟಿ ಆಸ್ಪೆನ್‌ಗೆ ಹೋಗಿ ತೋರಿಸುತ್ತೇವೆ ಎಂದು 1976ರ ಸೆಪ್ಟೆಂಬರಿನಲ್ಲಿ ಹೊರಟರು. ಘಾಟಿಯ ಎತ್ತರ ಸುಮಾರು 12,700 ಅಡಿ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯ ಎರಡರಷ್ಟು. ರಾತ್ರಿ ಬೆಟ್ಟದಲ್ಲೇ ತಂಗಿ, ಮರುದಿನ ಆಸ್ಪೆನ್ ತಲುಪಿದರು. ಸವಾಲು ಮುಗಿಯಿತು, ಮರುವರ್ಷ ಯಾರೂ ಹೋಗಲಿಲ್ಲ.

1978ರಲ್ಲಿ ಕ್ಯಾಲಿಫೋರ್ನಿಯಾದ ಐವರು ಈ ಸುದ್ದಿ ಓದಿ ತಾವೂ ಹೋಗೋಣ ಎಂದು ಹೊರಟರು. ಜೋ ಬ್ರೀಜ್, ಚಾರ್ಲಿ ಕೆಲ್ಲಿ, ಗ್ಯಾರಿ ಫಿಶರ್, ಮೈಕ್ ಕಾಸ್ಟೆಲ್ಲಿ ಮತ್ತು ವೆಂಡಿ ಕ್ರ್ಯಾಗ್. ರೀಪ್ಯಾಕ್ ಕಾಲದ ಚಿತ್ರಗಳು ಇವತ್ತು ನಮಗೆ ಸಿಗುತ್ತಿರುವುದು ಹೆಚ್ಚಾಗಿ ವೆಂಡಿಯವರ ಕ್ಯಾಮೆರಾದಿಂದ. ಗಂಡುಹುಡುಗರೇ ತುಂಬಿದ್ದ ಆ ಕಾಲದಲ್ಲಿ ಅವರು ರೀಪ್ಯಾಕಿನಲ್ಲೂ ಇಳಿದವರು, ಪರ್ಲ್ ಪಾಸನ್ನೂ ಹತ್ತಿದವರು. ಹೆಣ್ಣುಮಕ್ಕಳು ಈ ಆಟಕ್ಕೆ ಆಮೇಲೆ ಬಂದವರು ಎಂದು ಯಾರಾದರೂ ಹೇಳಿದರೆ ಈ ಹೆಸರು ಹೇಳಿ.

ಹೀಗೆ ಮರಿನ್ ಮತ್ತು ಕ್ರೆಸ್ಟೆಡ್ ಬ್ಯೂಟ್, ಎರಡು ಊರಿನವರು ಒಟ್ಟಿಗೆ ಘಾಟಿ ಹತ್ತಿದರು. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎನ್ನುತ್ತೇವಲ್ಲ, ಹತ್ತಿರ ಹೋದ ಮೇಲೆ ಅಲ್ಲಿ ಕಂಡದ್ದು ಬರೀ ಕಲ್ಲು, ಹಳ್ಳ, ಕೊರಕಲು. ಸೈಕಲ್ಲನ್ನು ಓಡಿಸುವುದಕ್ಕಿಂತ ತಳ್ಳುವುದು, ಹೆಗಲ ಮೇಲೆ ಹೊರುವುದೇ ಹೆಚ್ಚು. ಕ್ರೆಸ್ಟೆಡ್ ಬ್ಯೂಟಿನವರದು ಜೋಡಿಸಿದ ಹಳೇ ಸೈಕಲ್ಲುಗಳು. ಬ್ರೀಜ್ ತಂದದ್ದು ಬೆಟ್ಟಕ್ಕೆಂದೇ ತಾವು ಹೊಸದಾಗಿ ಕಟ್ಟಿದ ಸೈಕಲ್ಲು. ಅಂಥ ಹತ್ತನ್ನು ಅವರು 1977 ಮತ್ತು 1978ರಲ್ಲಿ ಕಟ್ಟಿದ್ದರು. ಅವುಗಳಲ್ಲಿ ಮೊದಲನೆಯದು ಈಗ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಗ್ರಹದಲ್ಲಿದೆ. ಪರ್ಲ್ ಪಾಸ್ ಯಾತ್ರೆ ಅಂದಿನಿಂದ ವರ್ಷ ವರ್ಷ ನಡೆಯತೊಡಗಿತು. ಅದು ಪಂದ್ಯವಾಗಿರಲಿಲ್ಲ. ಅಲ್ಲಿ ಗೆಲುವು ಎಂದರೆ ಎಲ್ಲರೂ ಆಚೆ ತಲುಪುವುದು. ನಮ್ಮ ಪ್ರಶ್ನೆಗೆ ಇದು ಎರಡನೆಯ ಉತ್ತರ: ಕಾಯಬೇಕು.

ಆಮೇಲೆ ಈ ಆಟ ವ್ಯಾಪಾರವಾಯಿತು. 1979ರಲ್ಲಿ ಫಿಶರ್ ಮತ್ತು ಕೆಲ್ಲಿ "ಮೌಂಟನ್‌ಬೈಕ್ಸ್" ಎಂಬ ಹೆಸರಿನಲ್ಲೇ ಅಂಗಡಿ ತೆರೆದರು, ಟಾಮ್ ರಿಚೀ ಅವರಿಗೆ ಫ್ರೇಮುಗಳನ್ನು ಕಟ್ಟಿಕೊಟ್ಟರು. ಸ್ವಲ್ಪ ಸಮಯದಲ್ಲೇ ಸ್ಪೆಷಲೈಸ್ಡ್ ಕಂಪನಿಯ ಸ್ಟಂಪ್‌ಜಂಪರ್ ಬಂದು, ಬೆಟ್ಟದ ಸೈಕಲ್ಲು ಯಾವ ಊರಿನ ಅಂಗಡಿಯಲ್ಲೂ ಸಿಗುವಂತಾಯಿತು. 1983ರಲ್ಲಿ ಪಂದ್ಯಗಳಿಗೆಂದು ಅಮೆರಿಕದಲ್ಲಿ ನೋರ್ಬಾ ಎಂಬ ಸಂಸ್ಥೆ ಹುಟ್ಟಿತು. ಅದರ ಪಂದ್ಯಗಳಲ್ಲಿ ನಿನ್ನ ಸೈಕಲ್ಲು ಕೆಟ್ಟರೆ ನೀನೇ ರಿಪೇರಿ ಮಾಡಿಕೊಳ್ಳಬೇಕಿತ್ತು, ಹೊರಗಿನವರ ಸಹಾಯ ಇರಲಿಲ್ಲ. 1996ರಲ್ಲಿ ಅಟ್ಲಾಂಟಾ ಒಲಿಂಪಿಕ್ಸಿನಲ್ಲಿ ಬೆಟ್ಟದ ಸೈಕಲ್ಲಿಗೂ ಪದಕ ಬಂತು. ಆಟ ದೊಡ್ಡದಾದಷ್ಟೂ ಸವಾರ ಒಂಟಿಯಾದ. ಆದರೆ ದೂರದ ಪಂದ್ಯಗಳು ಬೇರೆ ದಾರಿ ಹಿಡಿದವು.

ಅವುಗಳಲ್ಲಿ ಹೆಸರಾದದ್ದು ಕೊಲರಾಡೋದ್ದೇ ಇನ್ನೊಂದು ಗಣಿಯ ಊರಾದ ಲೆಡ್‌ವಿಲ್‌ನದು. ಹತ್ತು ಸಾವಿರ ಅಡಿಗೂ ಮೇಲಿರುವ ಊರು. ಅಲ್ಲಿನ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ಮೂರರಲ್ಲಿ ಎರಡು ಪಾಲಿನಷ್ಟು, ಉಸಿರಿಗೆ ಸಿಗುವ ಆಮ್ಲಜನಕವೂ ಅಷ್ಟೇ. ಹತ್ತಿರದ ಕ್ಲೈಮ್ಯಾಕ್ಸ್ ಗಣಿಯೇ ಊರಿಗೆಲ್ಲ ಅನ್ನ. ಉಕ್ಕನ್ನು ಗಟ್ಟಿ ಮಾಡಲು ಬೇಕಾಗುವ ಮಾಲಿಬ್ಡಿನಮ್ ಅಲ್ಲಿ ಸಿಗುತ್ತಿತ್ತು. 1982ರಲ್ಲಿ ಗಣಿ ನಿಂತಿತು, ಮೂರು ಸಾವಿರಕ್ಕೂ ಹೆಚ್ಚು ಜನ ಕೆಲಸ ಕಳೆದುಕೊಂಡರು. ಇದರ ಅರ್ಥ ತಿಳಿಯಬೇಕಾದರೆ ನಿಮ್ಮ ಅಪ್ಪ ಅಮ್ಮನನ್ನು ಕೆಜಿಎಫ್ ಬಗ್ಗೆ ಕೇಳಿ. 2001ರಲ್ಲಿ ಕೋಲಾರದ ಚಿನ್ನದ ಗಣಿ ಮುಚ್ಚಿದ ಮೇಲೆ ಅಲ್ಲಿನ ಸಾವಿರಾರು ಜನ ದಿನಾ ಬೆಳಗ್ಗೆ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗಬೇಕಾಯಿತು. ಲೆಡ್‌ವಿಲ್‌ಗೆ ಅಂಥ ಬೆಂಗಳೂರೂ ಹತ್ತಿರದಲ್ಲಿರಲಿಲ್ಲ.

ಕೆಲಸ ಕಳೆದುಕೊಂಡವರಲ್ಲಿ ಕೆನ್ ಕ್ಲೌಬರ್ ಎಂಬ ಗಣಿಗಾರರೊಬ್ಬರಿದ್ದರು. ಊರಿಗೆ ಜನ ಬರಬೇಕು, ಬಂದವರು ರಾತ್ರಿ ತಂಗಬೇಕು, ಊಟ ಮಾಡಬೇಕು, ಅಂದರೆ ನಾಲ್ಕು ಕಾಸು ಊರಲ್ಲಿ ಉಳಿಯುತ್ತದೆ ಎಂದು ಅವರು ಲೆಕ್ಕ ಹಾಕಿದರು. 1983ರಲ್ಲಿ ನೂರು ಮೈಲಿಯ ಕಾಲ್ನಡಿಗೆ ಓಟ ಶುರುವಾಯಿತು. ಇಷ್ಟು ಎತ್ತರದಲ್ಲಿ ಓಡಿಸಿದರೆ ಯಾರಾದರೂ ಸಾಯುತ್ತಾರೆ ಎಂದು ಆಸ್ಪತ್ರೆಯವರು ಎಚ್ಚರಿಸಿದರಂತೆ. ಹಾಗಾದರೆ ಊರಿಗೆ ಹೆಸರಾದರೂ ಬರುತ್ತದೆ ಎಂದು ಇವರು ಉತ್ತರ ಕೊಟ್ಟರೆಂಬ ಕತೆ ಇದೆ. ಮೊದಲ ವರ್ಷ ಓಟಕ್ಕೆ ನಿಂತವರು 45, ಮುಗಿಸಿದವರು 10. ಕ್ಲೌಬರ್ ಮತ್ತು ಅವರ ಜೊತೆಗಾತಿ ಮೆರಿಲೀ ಮಾಪಿನ್ ಈ ಓಟವನ್ನು ಬೆಳೆಸಿದರು. 1994ರಲ್ಲಿ ಅದಕ್ಕೆ ನೂರು ಮೈಲಿಯ ಸೈಕಲ್ ಪಂದ್ಯವೂ ಸೇರಿತು.

ಈ ಪಂದ್ಯದ ದಾರಿ ಹೋಗಿ ಬರುವ ದಾರಿ. ಊರಿನ ಬೀದಿಯಲ್ಲಿ ಬಂದೂಕಿನ ಸದ್ದಿಗೆ ಹೊರಟು, ಬೆಟ್ಟಗಳನ್ನು ಹತ್ತಿಳಿದು, ಟ್ವಿನ್ ಲೇಕ್ಸ್ ದಾಟಿ, 12,400 ಅಡಿಗೂ ಮೇಲಿರುವ ಕೊಲಂಬೈನ್ ಎಂಬ ಹಳೇ ಗಣಿಯ ಜಾಗ ಮುಟ್ಟಿ, ಅದೇ ದಾರಿಯಲ್ಲಿ ವಾಪಸ್ ಬರಬೇಕು. ಹನ್ನೆರಡು ಗಂಟೆಯೊಳಗೆ ಮುಗಿಸಿದವರಿಗೆ ಬಹುಮಾನವಾಗಿ ಸೊಂಟಪಟ್ಟಿಯ ಬಕಲ್ಲು. ಒಂಬತ್ತು ಗಂಟೆಯೊಳಗೆ ಬಂದರೆ ದೊಡ್ಡ ಬಕಲ್ಲು.

ಇಲ್ಲಿ ಗೆಳೆತನ ಎರಡು ರೀತಿಯಲ್ಲಿ ಕೆಲಸ ಮಾಡುತ್ತದೆ. ಮೊದಲನೆಯದು ದಾರಿಬದಿಯಲ್ಲಿ. ಗೊತ್ತುಪಡಿಸಿದ ಜಾಗಗಳಲ್ಲಿ ನಿಮ್ಮವರು ನಿಂತು ನೀರು, ತಿಂಡಿ ಕೊಡಬಹುದು. ಪಂದ್ಯದಲ್ಲಿ ಓಡದ ಗೆಳೆಯನಿಗೂ ಹೀಗೆ ಕೆಲಸ ಇದೆ. ಬಿಸಿಲಿನಲ್ಲಿ ಗಂಟೆಗಟ್ಟಲೆ ನಿಂತು, ಇಪ್ಪತ್ತು ಸೆಕೆಂಡಿನಲ್ಲಿ ಬಾಟಲಿ ಬದಲಿಸಿ ಕಳಿಸುವವನಿಗೆ ಬಕಲ್ಲು ಸಿಗುವುದಿಲ್ಲ, ಆದರೆ ಅವನಿಲ್ಲದೆ ಎಷ್ಟೋ ಬಕಲ್ಲುಗಳು ಬರುವುದೂ ಇಲ್ಲ. ಎರಡನೆಯದು ದಾರಿಯ ಮೇಲೆ. ಸಮತಟ್ಟಾದ ಕಡೆ ಸವಾರರು ಸಾಲಾಗಿ ಹೋಗುತ್ತಾರೆ. ಮುಂದಿನವನು ಗಾಳಿ ಸೀಳುತ್ತಾನೆ, ಹಿಂದಿನವನಿಗೆ ಶ್ರಮ ಕಡಿಮೆ, ಸ್ವಲ್ಪ ಹೊತ್ತಿಗೆ ಸರದಿ ಬದಲಾಗುತ್ತದೆ. ಆದರೆ ಏರು ಬಂದಾಗ ಸಾಲು ಹರಿದುಹೋಗುತ್ತದೆ. ನಿಮ್ಮ ಶ್ವಾಸ ನಿಮ್ಮದೇ, ಅದನ್ನು ಯಾರೂ ಸಾಲ ಕೊಡಲಾರರು. ಕೊಲಂಬೈನ್ ಏರಿನ ಕೊನೆಯ ಭಾಗದಲ್ಲಿ ಹೆಚ್ಚಿನವರು ಇಳಿದು ಸೈಕಲ್ಲು ತಳ್ಳುತ್ತಾರೆ. ಎದುರಿನಿಂದ ಆಗಲೇ ಮೇಲೆ ಮುಟ್ಟಿ ಬಂದವರು ಇಳಿಯುತ್ತಿರುತ್ತಾರೆ. ಬೆಳಗ್ಗೆ ಬೇರೆಯಾದ ಗೆಳೆಯರು ಒಬ್ಬರನ್ನೊಬ್ಬರು ನೋಡುವುದು ಅಲ್ಲಿ. ಒಂದು ಕೂಗು, ಒಂದು ಕೈಬೀಸು, ಅಷ್ಟೇ.

ಲೆಡ್‌ವಿಲ್‌ನ ಉತ್ತರ ಹೀಗೆ: ದಾರಿಯಲ್ಲಿ ನಿನ್ನ ಓಟ ನಿನ್ನದು, ಆದರೆ ಆ ಓಟವನ್ನು ಹೊತ್ತು ನಿಲ್ಲಿಸುವವರು ಬೇರೆಯವರು. ಒಂದು ಊರೇ ಹಾಗೆ ನಿಂತಿತು. ಪಂದ್ಯ ಬೆಳೆದು, ಈಗ ಚೀಟಿ ಎತ್ತಿ ಜನರನ್ನು ಆರಿಸುತ್ತಾರೆ. 2010ರಲ್ಲಿ ಅದನ್ನು ಲೈಫ್ ಟೈಮ್ ಎಂಬ ದೊಡ್ಡ ಕಂಪನಿ ಕೊಂಡುಕೊಂಡಿತು. 2012ರಲ್ಲಿ ಗಣಿಯೂ ಮತ್ತೆ ತೆರೆಯಿತು. ನಡುವಿನ ಆ ಮೂವತ್ತು ವರ್ಷಗಳಲ್ಲಿ ಊರಿನ ಮೋಟೆಲ್ಲು, ಹೋಟೆಲ್ಲುಗಳಿಗೆ ಆಸರೆಯಾದದ್ದರಲ್ಲಿ, ಗೆಳೆಯರ ಜೊತೆ ದೂರದಿಂದ ಬಂದು ಒಂದೆರಡು ರಾತ್ರಿ ತಂಗಿದ ನಿಮ್ಮಂಥವರ ಪಾಲೂ ಇದೆ.

ಅದೇ ದಶಕದಲ್ಲಿ ಇನ್ನೊಂದು ಬಗೆಯ ಉತ್ತರ ವೆಸ್ಟ್ ವರ್ಜೀನಿಯಾದ ಕಾಡಿನಲ್ಲಿ ಹುಟ್ಟಿತು. 1992ರಲ್ಲಿ ಲೇರ್ಡ್ ನೈಟ್ ಎಂಬವರು "24 ಅವರ್ಸ್ ಆಫ್ ಕನೇನ್" ಎಂಬ ಪಂದ್ಯ ಶುರು ಮಾಡಿದರು. ನಾಲ್ಕು ಜನರ ತಂಡ, ಇಪ್ಪತ್ತನಾಲ್ಕು ಗಂಟೆ. ಒಬ್ಬ ಸುತ್ತು ಹೊಡೆದು ಬಂದಾಗ ಇನ್ನೊಬ್ಬ ಹೊರಡಬೇಕು, ರಾತ್ರಿಯಿಡೀ ದೀಪ ಕಟ್ಟಿಕೊಂಡು. ನೀನು ಓಡುವಾಗ ನಿನ್ನ ಗೆಳೆಯ ನಿದ್ದೆ ಮಾಡುತ್ತಾನೆ, ಅವನು ಓಡುವಾಗ ನೀನು. ನಮ್ಮೂರಿನ ಹೊಲದಲ್ಲಿ ಸರದಿಯ ಮೇಲೆ ರಾತ್ರಿ ನೀರು ಕಟ್ಟುವ ಹಾಗೆ.

ಇಲ್ಲಿ ಒಂದು ತಮಾಷೆಯ ಘಟನೆ ನಡೆಯಿತು. ಜಾನ್ ಸ್ಟಾಮ್‌ಸ್ಟಡ್ ಎಂಬ ಸವಾರನಿಗೆ ಇಪ್ಪತ್ತನಾಲ್ಕು ಗಂಟೆಯನ್ನೂ ತಾನೊಬ್ಬನೇ ಓಡಬೇಕು ಎನ್ನಿಸಿತು. ಒಬ್ಬಂಟಿಗಳಿಗೆ ಅವಕಾಶ ಇರಲಿಲ್ಲ. 1996ರಲ್ಲಿ ಅವರು ತಮ್ಮದೇ ಹೆಸರನ್ನು ನಾಲ್ಕು ಬೇರೆ ಬೇರೆ ರೀತಿಯಲ್ಲಿ ಬರೆದು, ನಾಲ್ವರ ತಂಡವೆಂದು ದಾಖಲಿಸಿ, ಒಬ್ಬರೇ ಓಡಿದರು. ಆಮೇಲೆ ಇಂಥ ಪಂದ್ಯಗಳಲ್ಲಿ ಒಂಟಿ ಸವಾರರಿಗೆ ಬೇರೆ ವಿಭಾಗವೇ ಬಂತು. 1999ರಲ್ಲಿ ಅದೇ ಸ್ಟಾಮ್‌ಸ್ಟಡ್ ರಾಕಿ ಪರ್ವತಗಳ ಉದ್ದಕ್ಕೂ ಹೋಗುವ ಗ್ರೇಟ್ ಡಿವೈಡ್ ದಾರಿಯನ್ನು 18 ದಿನದಲ್ಲಿ ಒಬ್ಬರೇ ಮುಗಿಸಿದರು. ಆ ದಾರಿಯಿಂದಲೇ ಮುಂದೆ ಟೂರ್ ಡಿವೈಡ್ ಬಂತು. 2008ರಿಂದ ಅದು ಕೆನಡಾದ ಬ್ಯಾನ್ಫ್‌ನಿಂದ ಮೆಕ್ಸಿಕೋದ ಗಡಿಯವರೆಗೆ, 2,700 ಮೈಲಿಯ ಆಸುಪಾಸು. ಪ್ರವೇಶ ಶುಲ್ಕ ಇಲ್ಲ, ಬಹುಮಾನ ಇಲ್ಲ, ಗೆಳೆಯರು ಮುಂದಾಗಿ ಬಂದು ದಾರಿಯಲ್ಲಿ ಊಟ ಹಿಡಿದು ನಿಲ್ಲುವ ಹಾಗೂ ಇಲ್ಲ. ಅಂಗಡಿಯಲ್ಲಿ ಎಲ್ಲರಿಗೂ ಏನು ಸಿಗುತ್ತದೋ ಅದೇ ನಿನಗೂ. ಇದು ಕಟ್ಟುನಿಟ್ಟಾದ ಉತ್ತರ: ಗೆಳೆಯರೇ, ಮನೆಯಲ್ಲೇ ಇರಿ.

ಇದಕ್ಕೆ ಪೂರ್ತಿ ಎದುರಾದ ಉತ್ತರ ಯುರೋಪ್ ಮತ್ತು ಆಫ್ರಿಕಾದಿಂದ ಬಂತು. 1998ರಲ್ಲಿ ಜರ್ಮನಿಯಿಂದ ಆಲ್ಪ್ಸ್ ದಾಟಿ ಇಟಲಿಯ ಗಾರ್ಡಾ ಸರೋವರ ಮುಟ್ಟುವ ಟ್ರಾನ್ಸ್ಆಲ್ಪ್ ಪಂದ್ಯ ಶುರುವಾಯಿತು. ಆಗ ಅದು ಇಬ್ಬಿಬ್ಬರ ತಂಡಗಳ ಪಂದ್ಯವಾಗಿತ್ತು. ದಕ್ಷಿಣ ಆಫ್ರಿಕಾದ ಕೆವಿನ್ ವರ್ಮಾಕ್ ಎಂಬವರು ಕೋಸ್ಟರಿಕಾದಲ್ಲಿ ಕಡಲಿನಿಂದ ಕಡಲಿಗೆ ಹೋಗುವ ಲಾ ರೂಟಾ ಪಂದ್ಯದಲ್ಲಿ ಓಡಿ ಬಂದು, ತಮ್ಮ ನಾಡಿನಲ್ಲೂ ಅಂಥದೊಂದು ಬೇಕು ಎಂದು 2004ರಲ್ಲಿ ಕೇಪ್ ಎಪಿಕ್ ಆರಂಭಿಸಿದರು. ಎಂಟು ದಿನ, ಆರೇಳುನೂರು ಕಿಲೋಮೀಟರ್, ಕಲ್ಲು, ಮರಳು, ಬಿಸಿಲು. ಇಲ್ಲೂ ಇಬ್ಬಿಬ್ಬರೇ.

ಕೇಪ್ ಎಪಿಕ್‌ನ ಒಂದು ನಿಯಮವನ್ನು ನೀವು ನೆನಪಿಟ್ಟುಕೊಳ್ಳಬೇಕು. ಜೋಡಿಯ ಇಬ್ಬರೂ ಯಾವಾಗಲೂ ಎರಡು ನಿಮಿಷದ ಅಂತರದೊಳಗೆ ಇರಬೇಕು. ದಾರಿಯಲ್ಲಿ ಅಲ್ಲಲ್ಲಿ ಸಮಯ ನೋಡುತ್ತಾರೆ. ಅಂತರ ಹೆಚ್ಚಿದರೆ ಗಂಟೆಯ ಲೆಕ್ಕದಲ್ಲಿ ದಂಡ. ಜೊತೆಗಾರ ಬಿಟ್ಟರೆ ಉಳಿದವನು ಮುಂದೆ ಓಡಬಹುದು, ಆದರೆ ತಂಡದ ಸ್ಥಾನದ ಪಟ್ಟಿಯಲ್ಲಿ ಹೆಸರಿರುವುದಿಲ್ಲ. ರೀಪ್ಯಾಕಿನಲ್ಲಿ ಒಬ್ಬನನ್ನು ಇನ್ನೊಬ್ಬನಿಂದ ಬೇರೆ ಮಾಡಲು ಇಟ್ಟಿದ್ದ ಅದೇ ಎರಡು ನಿಮಿಷ ಇಲ್ಲಿ ಇಬ್ಬರನ್ನು ಕಟ್ಟಿಹಾಕುವ ಹಗ್ಗ.

ಇದರ ಪರಿಣಾಮ ನೋಡಿ. ಜೋರಾಗಿ ಓಡುವವನು ತನ್ನ ಶಕ್ತಿಯನ್ನು ಎಲ್ಲಿ ಖರ್ಚು ಮಾಡಬೇಕು? ಮುಂದೆ ಹೋಗಿ ಪ್ರಯೋಜನವಿಲ್ಲ. ಎದುರುಗಾಳಿಯಲ್ಲಿ ಅವನು ಮುಂದಾಗಬೇಕು, ಜೊತೆಗಾರನ ನೀರನ್ನೂ ತಾನೇ ಹೊರಬೇಕು, ಪಂಕ್ಚರ್ ಆದರೆ ತಾನೇ ಕೈ ಹಾಕಬೇಕು. ನಿಧಾನವಾಗಿ ಓಡುವವನಿಗೂ ಒಂದು ಕೆಲಸವಿದೆ, ಅದು ಇನ್ನೂ ಕಷ್ಟದ್ದು. ತನಗೆ ಆಗುತ್ತಿಲ್ಲ ಎಂಬುದನ್ನು ಸಮಯಕ್ಕೆ ಸರಿಯಾಗಿ ಬಾಯಿಬಿಟ್ಟು ಹೇಳಬೇಕು. ನಾಚಿಕೊಂಡು ಸುಮ್ಮನಿದ್ದರೆ ಇಬ್ಬರೂ ಕೆಡುತ್ತಾರೆ.

ಈಗ ನಿಮ್ಮ ವ್ಯಾನಿಗೆ ಬರೋಣ. ಈ ಐವತ್ತು ವರ್ಷಗಳಲ್ಲಿ ಸಿಕ್ಕ ಉತ್ತರಗಳಲ್ಲಿ ಯಾವುದೂ ತಪ್ಪಲ್ಲ. ಒಂಟಿಯಾಗಿ ಓಡುವುದು ಸ್ವಾರ್ಥವಲ್ಲ, ಕಾಯುವುದು ದೌರ್ಬಲ್ಯವಲ್ಲ. ಆದರೆ ಪ್ರತಿ ಪಂದ್ಯವೂ ತನ್ನ ಉತ್ತರವನ್ನು ಓಟ ಶುರುವಾಗುವ ಮೊದಲೇ ಹೇಳಿಬಿಡುತ್ತದೆ. ಮನಸ್ತಾಪ ಹುಟ್ಟುವುದು ನಿಯಮದಿಂದಲ್ಲ, ಇಬ್ಬರ ತಲೆಯಲ್ಲಿ ಎರಡು ನಿಯಮಗಳಿದ್ದಾಗ. ಒಬ್ಬ ಲೆಡ್‌ವಿಲ್ ಎಂದುಕೊಂಡು ಓಡುತ್ತಾನೆ, ಇನ್ನೊಬ್ಬ ಕೇಪ್ ಎಪಿಕ್ ಎಂದುಕೊಂಡು ಕಾಯುತ್ತಾನೆ.

ನಮ್ಮ ಮನೆಗಳಲ್ಲಿ ಇನ್ನೊಂದು ತೊಡಕೂ ಇದೆ. ಸ್ನೇಹಿತರ ನಡುವೆ ಇಂಥ ಕರಾರು ಮಾತಾಡುವುದು ಸಂಕೋಚ ಎಂದು ನಮಗೆ ಕಲಿಸಿಬಿಟ್ಟಿರುತ್ತಾರೆ. "ಅಯ್ಯೋ, ಅದೆಲ್ಲ ಯಾಕೆ, ಅಡ್ಜಸ್ಟ್ ಮಾಡ್ಕೊಳ್ಳೋಣ" ಅನ್ನುತ್ತೇವೆ. ಊಟಕ್ಕೆ, ಮಲಗುವ ಜಾಗಕ್ಕೆ ಆ ಮಾತು ಚೆನ್ನ. ಹನ್ನೆರಡು ಸಾವಿರ ಅಡಿ ಎತ್ತರದಲ್ಲಿ, ಮಳೆ ಬರುವ ಹೊತ್ತಿಗೆ ಅದು ಸಾಲದು. ಹಾಗಾಗಿ ಹಿಂದಿನ ರಾತ್ರಿ, ಪುಳಿಯೋಗರೆ ಡಬ್ಬಿ ಬಿಚ್ಚಿ ಕುಳಿತಾಗ, ನಾಲ್ಕು ಮಾತು ಆಡಿಕೊಳ್ಳಿ. ಒಟ್ಟಿಗೆ ಓಡುತ್ತೇವಾ, ಬೇರೆ ಬೇರೆಯಾ? ಸೈಕಲ್ಲು ಕೆಟ್ಟರೆ ಎಷ್ಟು ಹೊತ್ತು ಕಾಯುವುದು? ಯಾರಿಗಾದರೂ ಪೆಟ್ಟಾದರೆ, ತಲೆ ಸುತ್ತಿದರೆ, ಆಗ ಪಂದ್ಯ ಎಲ್ಲರಿಗೂ ಮುಗಿದಂತೆಯೇ ಎಂದು ಒಪ್ಪಿದ್ದೇವಾ? ದಾರಿಬದಿಯಲ್ಲಿ ಬಾಟಲಿ ಹಿಡಿದು ನಿಲ್ಲುವವರು ಯಾರು, ಅವರಿಗೆ ಮುಂದಿನ ವರ್ಷ ಓಡುವ ಸರದಿ ಉಂಟಾ?

ಈ ನಾಲ್ಕಕ್ಕೂ ಉತ್ತರ ಸಿಕ್ಕಿದರೆ ಅರ್ಧ ಪಂದ್ಯ ಮುಗಿದ ಹಾಗೆ. ಕನ್ನಡದಲ್ಲಿ ನಾವು ಹೊರಡುವವರಿಗೆ ಹೋಗಿ ಎಂದಷ್ಟೇ ಹೇಳುವುದಿಲ್ಲ, ಬನ್ನಿ ಎಂಬುದನ್ನೂ ಸೇರಿಸುತ್ತೇವೆ. ನಾನೂ ಅದನ್ನೇ ಹೇಳುತ್ತೇನೆ. ಎಷ್ಟು ಜನ ಹೊರಟಿರೋ ಅಷ್ಟೂ ಜನ, ಮಾತುಕತೆ ಬಿಡದೆ, ಹೋಗಿ ಬನ್ನಿ.